ಸತ್ತವನ ಹೆಸರಿಗೆ ಹಾಂ ಅಂದ ಮೊಗುಲಯ್ಯ

ನನ್ನ ಗಂಡ ತೀರಿಹೋಗಿ ಹನ್ನೆರಡು ವರ್ಷ ಆಯಿತು. ಆದರೆ ಹೋದ ವರ್ಷದ ಬೇಸಿಗೆಯ ತನಕ ನಮ್ಮ ಶಹಾಬಾದದ ಫರ್ಸಿ ಹಾಸುಗಲ್ಲಿನ ಖಣಿಯಲ್ಲಿ ದಿನಾ ಬೆಳಗ್ಗೆ ‘ಗುಲಾಮ ದಸ್ತಗೀರ’ ಅಂತ ಅವರ ಹೆಸರು ಕೂಗುತ್ತಿದ್ದರು. ದಿನಾ ಒಬ್ಬ ಮನುಷ್ಯ ‘ಹಾಂ’ ಅನ್ನುತ್ತಿದ್ದ. ಆ ಮನುಷ್ಯನ ಹೆಸರು ಮೊಗುಲಯ್ಯ. ಅವನ ಬಗ್ಗೆ ಬರೆಯಬೇಕು ಅಂತ ಕೂತಿದ್ದೇನೆ. ಸಮಾಧಾನದಿಂದ ಬರೆಯಲಿಕ್ಕೆ ಆಗುವುದಿಲ್ಲ. ಆಫೀಸಿನವರ ಮೇಲೆ ಸಿಟ್ಟು ಅದ, ಓಣಿಯವರ ಮೇಲೆ ಸಿಟ್ಟು ಅದ, ಎಲ್ಲರಿಗಿಂತ ಹೆಚ್ಚು ಸಿಟ್ಟು ಮೊಗುಲಯ್ಯನ ಮೇಲೇ ಅದ.

ಮೊಗುಲಯ್ಯ ತೆಲುಗಿನವ. ಅವನ ಊರು ಬಶೀರಾಬಾದದ ಹತ್ತಿರ. ನಮ್ಮಲ್ಲಿಂದ ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಚಿತ್ತಾಪುರ, ಮಳಖೇಡ, ಸೇಡಂ, ಕುರಕುಂಟಾ ದಾಟಿದರೆ ಬಂದೇಬಿಟ್ಟಿತು. ಬುತ್ತಿ ಕಟ್ಟಿಕೊಂಡು ಹೋಗುವಷ್ಟು ದೂರವೂ ಅಲ್ಲ. ನನ್ನ ತವರು ಚಿಂಚೋಳಿ, ಅಲ್ಲಿಗೆ ಹೋಗುವುದು ಇದಕ್ಕಿಂತ ಕಷ್ಟ. ಆದರೆ ಚಿಂಚೋಳಿಯಿಂದ ಮದುವೆಯಾಗಿ ಬಂದ ನಾನು ಇಲ್ಲಿಯವಳು, ಅಲ್ಲಿಂದ ದುಡಿಯಲು ಬಂದ ಅವನು ಹೊರಗಿನವನು. ನಡುವೆ ರಾಜ್ಯದ ಗೆರೆ ಅದ ಅನ್ನುತ್ತಾರೆ. ಆ ಗಾಡಿಯಲ್ಲಿ ನಾನು ಎಷ್ಟೋ ಸಲ ಕಿಟಕಿಗೆ ಕೂತು ಹೋಗಿದ್ದೇನೆ. ಗೆರೆ ಎಲ್ಲಿ ಬಂತು ಅಂತ ಒಂದು ಸಲವೂ ತಿಳಿದಿಲ್ಲ. ಆ ಕಡೆಗೂ ತೊಗರಿ, ಈ ಕಡೆಗೂ ತೊಗರಿ. ಹೊಲದ ಒಡ್ಡಿಗೆ ಹಾಸುಗಲ್ಲು ನಿಲ್ಲಿಸುವ ರೀತಿಯೂ ಒಂದೇ.

ಅವನು ತನ್ನ ಹೆಂಡತಿ ಯಾದಮ್ಮನನ್ನು ಕರಕೊಂಡು ಬಂದು ನಮ್ಮ ಮನೆಯ ಹಿಂದಿನ ಕೋಲಿ ಬಾಡಿಗೆಗೆ ಹಿಡಿದಾಗ ಇಬ್ಬರಿಗೂ ನಡುವಯಸ್ಸು. ಈಗ ಅವನ ಮೀಸೆ ಬಿಳಿ ಆಗಿದೆ. ಕುಳ್ಳ ಮನುಷ್ಯ, ಕುತ್ತಿಗೆ ದಪ್ಪ, ಕಲ್ಲು ಮೀಟುವ ಸಬ್ಬಲ ಹಿಡಿದು ಹಿಡಿದು ಬಲಗೈ ಎಡಗೈಗಿಂತ ಉದ್ದ ಆದಂಗೆ ಕಾಣುತ್ತದೆ. ನಮ್ಮ ಕಲ್ಲು ಭೂಮಿಯೊಳಗೆ ಪದರು ಪದರಾಗಿ ಇರುತ್ತದೆ, ಅದನ್ನು ಸೀಳದಂತೆ ಎಬ್ಬಿಸಬೇಕು. ಎಬ್ಬಿಸುವ ಮೊದಲು ಸಬ್ಬಲದ ತುದಿಯಿಂದ ಮೆಲ್ಲಗೆ ಬಡಿದು ದನಿ ಕೇಳುತ್ತಾರೆ. ಒಳಗೆ ಬಿರುಕಿದ್ದರೆ ದನಿ ಒಡೆದಿರುತ್ತದೆ. ಇದು ಖಣಿಯವರಿಗೆಲ್ಲ ರೂಢಿ, ಆದರೆ ಮೊಗುಲಯ್ಯನಿಗೆ ಅದು ಚಟ. ಸಂತೆಯಲ್ಲಿ ಗಡಿಗೆ ಬಡಿಯುತ್ತಾನೆ, ಬಾಗಿಲು ಬಡಿಯುತ್ತಾನೆ, ಖಾಲಿ ಡಬ್ಬಿ ಕಂಡರೆ ಬಡಿಯುತ್ತಾನೆ. ಒಮ್ಮೆ ನಾನು ಮೊಣಕಾಲು ನೋವು ಅಂತ ಕೂತಿದ್ದಾಗ ಯಾದಮ್ಮ ಅಂದಳು, “ಅಕ್ಕಾ, ಕಾಲು ಸೆರಗಿನ್ಯಾಗ ಮುಚ್ಚಕೋ, ಈತ ಬಂದು ಬಡದು ನೋಡ್ತಾನ.”

ಅವನ ಇನ್ನೊಂದು ಚಟ ‘ಪೋನೀ’ ಅನ್ನುವುದು. ತೆಲುಗಿನಲ್ಲಿ ಹೋಗಲಿ ಬಿಡು ಅಂತ ಅರ್ಥ. ಚಾದಂಗಡಿಯವ ಚಿಲ್ಲರೆ ಕಡಿಮೆ ಕೊಟ್ಟರೆ ಪೋನೀ. ಮುಕಾದಮ ಬೈದರೆ ಪೋನೀ. ಮಾಳಿಗೆಯ ಫರ್ಸಿ ಸೋರಿ ಹಾಸಿಗೆ ತೋಯ್ದರೆ ಪೋನೀ. ಈ ಮನುಷ್ಯನಿಂದ ಆ ಒಂದು ಮಾತು ಕಸಕೊಂಡರೆ ಅರ್ಧ ತೆಲುಗು ಕಡಿಮೆ ಆಗುತ್ತದೆ ಅಂತ ನಾನು ಎಷ್ಟೋ ಸಲ ಅಂದಿದ್ದೇನೆ. ಅದಕ್ಕೂ ಪೋನೀ ಅನ್ನುತ್ತಾನೆ.

ಇನ್ನು ಅವನು ನನ್ನ ಗಂಡನ ಹೆಸರಿಗೆ ಹಾಂ ಅಂದದ್ದು ಹೇಗೆ ಅಂತ ಹೇಳಬೇಕು.

ಬೆಳಗ್ಗೆ ಖಣಿಯ ಬಾಯಲ್ಲಿ ಎಲ್ಲರೂ ಬಂದು ನಿಲ್ಲುತ್ತಿದ್ದರು. ಮುಕಾದಮ ಪೀರಪ್ಪ ಹಾಜರಿ ಕೂಗುತ್ತಿದ್ದ. ಹೆಸರು ಕೂಗಿದಾಗ ಹಾಂ ಅನ್ನುವವ ಇಲ್ಲದೆ ಹೋದರೆ, ಕೆಲವು ದಿನ ನೋಡಿ, ಆ ಜಾಗ ಬೇರೆಯವನಿಗೆ ಕೊಡುತ್ತಿದ್ದರು. ಜಡ್ಡಾದವನಿಗೆ ರಜಾ ಇಲ್ಲ, ಪಗಾರ ಇಲ್ಲ. ಅದಕ್ಕೆ ಖಣಿಯವರು ತಮ್ಮತಮ್ಮಲ್ಲೇ ಒಂದು ರಿವಾಜು ಮಾಡಿಕೊಂಡಿದ್ದರು. ಬದಲಿ ನಿಲ್ಲುವುದು ಅಂತ ಅದರ ಹೆಸರು. ಜಡ್ಡಾದವನ ಹೆಸರಿಗೆ ಇನ್ನೊಬ್ಬ ಹಾಂ ಅಂದು, ಅವನ ಸಬ್ಬಲ ಹಿಡಿದು, ಅವನ ಕೆಲಸ ಮಾಡುತ್ತಿದ್ದ. ಪಗಾರದಲ್ಲಿ ಅರ್ಧ ತನಗೆ, ಅರ್ಧ ಜಡ್ಡಾದವನ ಮನೆಗೆ. ಆತ ಆರಾಮಾಗಿ ಬಂದ ದಿನ ಬದಲಿಯವ ಹಿಂದೆ ಸರಿಯುತ್ತಿದ್ದ. ಇದರಲ್ಲಿ ಮೋಸ ಅದ ಅಂತ ಯಾರಿಗೂ ಅನಿಸಿರಲಿಲ್ಲ. ಮಾಲೀಕನಿಗೂ ಗೊತ್ತಿತ್ತು. ಅವನಿಗೆ ಕಲ್ಲು ಮೇಲೆ ಬಂದರೆ ಆಯಿತು.

ನನ್ನ ಗಂಡನಿಗೆ ಕಲ್ಲಿನ ಧೂಳು ಎದೆಗೆ ಕೂತಿತು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಮೊಗುಲಯ್ಯ ಆಗ ಬಂದು ಬಹಳ ದಿನ ಆಗಿರಲಿಲ್ಲ. ಹೊರಗಿನವ ಅಂತ ಅವನ ಹೆಸರು ಹಾಜರಿಗೆ ಹತ್ತಿರಲಿಲ್ಲ, ಲಾರಿಗೆ ಕಲ್ಲು ಏರಿಸುವ ಕೆಲಸ ಸಿಕ್ಕಿದರೆ ಸಿಕ್ಕಿತು. ಪೀರಪ್ಪ ಅವನಿಗೆ, “ದಸ್ತಗೀರ ಏಳೋತನಕ ನೀ ನಿಲ್ಲು” ಅಂದ. ನಿಂತ.

ಸಂತೆಯ ದಿನ ಅವನು ಅರ್ಧ ಪಗಾರ ತಂದು ನನ್ನ ಕೈಯಲ್ಲಿ ಕೊಟ್ಟು, ಹೆಗಲ ಮೇಲಿನ ಜೋಳದ ಗಂಟು ಇಳಿಸಿ, ನನ್ನ ಗಂಡನ ಹಾಸಿಗೆಯ ಹತ್ತಿರ ಕೂಡುತ್ತಿದ್ದ. ಅವರು ನಗುತ್ತಿದ್ದರು. ವಾರದಲ್ಲಿ ನಗುವುದು ಅದೊಂದೇ ಹೊತ್ತು.

“ಏನಪಾ, ಇವತ್ತು ದಸ್ತಗೀರ ಏನ್ ಮಾಡಿದಾ?” ಅಂತ ಕೇಳುವರು.

“ಇವತ್ತು ದಸ್ತಗೀರ ಭಾಳ ದೊಡ್ಡ ಫರ್ಸಿ ಎಬ್ಬಿಸಿದ ಅಣ್ಣಾ. ಒಂದು ಮೂಲಿ ಸೈತ ಮುಕ್ಕಾಗಿಲ್ಲ.”

“ಮುಕಾದಮನ ಕೂಡ ಜಗಳ?”

“ಅದೂ ಆಡಿದ.”

“ಸುಳ್ಳು. ನೀ ಎಲ್ಲಿ ಜಗಳ ಆಡ್ತೀ? ನನ್ನ ಹೆಸರು ಕೆಡಿಸ್ಲಿಕತ್ತೀ ನೋಡು.”

ಅವರು ಏಳಲಿಲ್ಲ. ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ನಾನೇ ಪೀರಪ್ಪನ ಮನೆಗೆ ಹೋಗಿ, ಹಾಜರಿಯಲ್ಲಿ ಇವರ ಹೆಸರು ತೆಗೆದು ಮೊಗುಲಯ್ಯನ ಹೆಸರು ಹಾಕು ಅಂದೆ. ಪೀರಪ್ಪ ತಲೆ ಕೆರೆದುಕೊಂಡ. “ಭಾಬಿ, ಹೆಸರು ತೆಗದ್ರ ಜಾಗಾ ಖಾಲಿ ಅಂತ ಮಾಲೀಕರಿಗಿ ತಿಳೀತದ. ಅವರ ಭಾವಮೈದುನನ್ನ ತಂದು ತುಂಬತಾರ. ಹೊರಗಿನವ್ರನ್ನ ಬರಸಬ್ಯಾಡ ಅಂತ ಮೊದ್ಲೇ ಹೇಳ್ಯಾರ. ಹೆಸರು ಹಂಗೇ ಇರ್ಲಿ, ದುಡಿಯಾವ ದುಡೀಲಿ.”

ಮೊಗುಲಯ್ಯ ಏನೆಂದ ಅಂತ ನಾನು ಬರೆಯಬೇಕಾಗಿಲ್ಲ.

ಇನ್ನು ಮೇಲೆ ಅರ್ಧ ಪಗಾರ ತರಬೇಡ, ನಾನು ಬೀಡಿ ಕಟ್ಟಿ ತಿನ್ನುತ್ತೇನೆ ಅಂತ ಖಡಕ್ಕಾಗಿ ಹೇಳಿದೆ. ಅದನ್ನು ನಿಲ್ಲಿಸಿದ. ಜೋಳದ ಗಂಟು ಮಾತ್ರ ನಿಲ್ಲಿಸಲಿಲ್ಲ. ಸಂತೆಯ ದಿನ ಬಾಗಿಲ ಹತ್ತಿರ ಇಟ್ಟು, ಗೋಡೆ ಒಂದು ಸಲ ಬಡಿದು ಹೋಗಿಬಿಡುವನು. ಜಗಳ ಆಡಬೇಕೆಂದರೆ ಮನುಷ್ಯ ಎದುರಿಗೆ ಇರುತ್ತಿರಲಿಲ್ಲ.

ಹೀಗೆ ಹನ್ನೊಂದು ವರ್ಷ ನಡೆಯಿತು. ಆಮೇಲೆ ಖಣಿ ನಿಂತಿತು. ಈಗ ಎಲ್ಲರೂ ಮನೆಗೆ ಹೊಳೆಯುವ ಟೈಲ್ಸ್ ಹಾಕಿಸುತ್ತಾರೆ, ಫರ್ಸಿ ಕೇಳುವವರು ಇಲ್ಲ. ಮಾಲೀಕ ನೀರೆತ್ತುವ ಪಂಪು ಬಿಚ್ಚಿಸಿಕೊಂಡು ಹೋದ. ಮಳೆಗಾಲದಲ್ಲಿ ಖಣಿ ತುಂಬಿತು. ಈಗ ಅದರಲ್ಲಿ ಎಮ್ಮೆ ತೊಳೆಯುತ್ತಾರೆ. ದುಡಿಯುವವರೆಲ್ಲ ಮನೆಯಲ್ಲಿ ಕೂತರು.

ಆಗ ಒಂದು ಸುದ್ದಿ ಬಂತು. ಖಣಿ ನಿಂತು ಕೆಲಸ ಹೋದವರಿಗೆ, ಬೇರೆ ಕೆಲಸ ಸಿಗುವ ತನಕ, ಸರಕಾರದಿಂದ ತಿಂಗಳಿಗೆ ಕಾಳು ಮತ್ತು ಖರ್ಚಿಗೆ ಸಹಾಯ ಅದ ಅಂತ. ಅದೇ ಹೊತ್ತಿಗೆ ಒಬ್ಬ ಏಜೆಂಟ ಕೂಡ ಬಂದ. ಪುಣೆ ಕಡೆಗೆ ದೊಡ್ಡ ಕಟ್ಟಡದ ಕೆಲಸ, ಮೊಹರಂ ಮುಗಿದ ಮೇಲೆ ಲಾರಿ ಬರುತ್ತದೆ, ಹೆಂಡಂದಿರನ್ನು ಕರಕೊಂಡು ಬರುವಂಗಿಲ್ಲ ಅಂದ. ಮೊಗುಲಯ್ಯ ಅವನಿಗೆ ಹೆಸರು ಕೊಟ್ಟು ಬಂದ. ಸಹಾಯ ಸಿಕ್ಕರೆ ಇಲ್ಲೇ ಇದ್ದು ಸೇಡಂ ಕಡೆಯ ಖಣಿಗಳಲ್ಲಿ ಕೆಲಸ ಹುಡುಕುವುದು, ಸಿಗದಿದ್ದರೆ ಲಾರಿ ಹತ್ತುವುದು. ಆ ವಯಸ್ಸಿನಲ್ಲಿ ಪರದೇಶಕ್ಕೆ ಹೋಗಿ ಹನ್ನೆರಡನೆಯ ಮಾಳಿಗೆಗೆ ಇಟ್ಟಂಗಿ ಹೊರುವುದು! ಯಾದಮ್ಮ ಪಾತ್ರೆ ತಿಕ್ಕುವ ಸಪ್ಪಳ ಜೋರಾಯಿತು.

ಅವನೊಬ್ಬನೇ ಆಫೀಸಿಗೆ ಹೋದರೆ ಪೋನೀ ಅಂದು ವಾಪಸು ಬರುತ್ತಾನೆ ಅಂತ ಗೊತ್ತಿತ್ತು. ಬುರ್ಖಾ ಹಾಕಿಕೊಂಡು ನಾನೂ ಹೊರಟೆ. ಆಫೀಸು ಯಾವ ಊರಲ್ಲಿತ್ತು ಅಂತ ಬರೆಯುವುದಿಲ್ಲ, ಅಲ್ಲಿ ಕೂತವರಿಗೂ ಹೆಂಡಿರು ಮಕ್ಕಳು ಇದ್ದಾರೆ. ಅಲ್ಲಿದ್ದ ಗುಮಾಸ್ತ ಮೊದಲು ಹೆಸರು ಕೇಳಿದ.

“ಮೊಗುಲಯ್ಯ ಅಂತರೀ.”

“ಆ ಖಣಿ ಹಾಜರ್ಯಾಗ ಮೊಗುಲಯ್ಯ ಅಂತ ಯಾರೂ ಇಲ್ಲ.”

“ದಸ್ತಗೀರ ಅಂತ ನೋಡ್ರಿ,” ಅಂದೆ ನಾನು.

“ಈಗಷ್ಟೇ ಮೊಗುಲಯ್ಯ ಅಂದ್ನಲ್ಲ?”

“ಬದಲಿ ನಿಂತಾನ್ರಿ.”

“ದಸ್ತಗೀರ ಎಲ್ಲದಾನ? ಅವ್ನೇ ಬರ್ಲಿ.”

“ಖಬರಸ್ತಾನದಾಗ ಅದಾರ. ಬರಂಗಿಲ್ಲ.”

ಗುಮಾಸ್ತ ಪೆನ್ನು ಕೆಳಗೆ ಇಟ್ಟ. “ಅಮ್ಮಾ, ಸತ್ತಾವ ಹನ್ನೊಂದು ವರ್ಷ ಕಲ್ಲು ಎಬ್ಬಿಸ್ಯಾನೇನು?”

“ಎಬ್ಬಿಸಿದಾವ ನಿಮ್ಮ ಮುಂದೇ ನಿಂತಾನಲ್ರಿ. ಕೈ ನೋಡ್ರಿ ಬೇಕಾದ್ರ.”

ಕೈ ನೋಡಲಿಲ್ಲ. ಆಧಾರ ಕಾರ್ಡು ನೋಡಿದ. ಅದರಲ್ಲಿ ಆ ಕಡೆಯ ವಿಳಾಸ. ಅವನ ಮುಖ ಹಗುರಾಯಿತು, ಒಂದು ತೊಂದರೆ ತಪ್ಪಿದಂಗೆ. “ಇಂವ ಬ್ಯಾರೆ ರಾಜ್ಯದಾವ. ತನ್ನ ಸರಕಾರಕ್ಕ ಹೋಗಿ ಕೇಳ್ಲಿ.”

“ಪೋನೀ ಅಕ್ಕಾ,” ಅಂದ ಮೊಗುಲಯ್ಯ. ಗುಮಾಸ್ತನ ಮುಂದೆ ಬೈಯಬಾರದು ಅಂತ ಹೊರಗೆ ಬಂದು ಬೈದೆ.

ಮುಂದಿನ ವಾರ ಅವನ ಸರಕಾರಕ್ಕೂ ಹೋದೆವು. ಅಲ್ಲಿಯ ಸಾಹೇಬ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟ, ನೀರು ಕೊಡಿಸಿದ. ಎಲ್ಲ ಕೇಳಿಕೊಂಡು ತೆಲುಗಿನಲ್ಲಿ ಸಮಾಧಾನದಿಂದ ಹೇಳಿದ. ಮೊಗುಲಯ್ಯ ಈ ಕಡೆ ಒಂದು ದಿನವೂ ದುಡಿದಿಲ್ಲ. ಎಲ್ಲಿ ಕೆಲಸ ಹೋಯಿತೋ ಅಲ್ಲಿಯವರೇ ಕೊಡಬೇಕು. ಇಷ್ಟು ದೂರ ಯಾಕೆ ಬಂದಿರಿ, ಬಿಸಿಲು ಭಾಳ ಅದ. ಅವನ ಮಾತಿನಲ್ಲಿ ತಪ್ಪು ಹಿಡಿಯುವಂಗೆ ಇರಲಿಲ್ಲ. ಅದೇ ಕಷ್ಟ. ಈ ಕಡೆಯವನ ಮಾತೂ ಅವನ ಮಟ್ಟಿಗೆ ಸರಿ, ಆ ಕಡೆಯವನ ಮಾತೂ ಅವನ ಮಟ್ಟಿಗೆ ಸರಿ. ಇಬ್ಬರ ಸರಿಯ ನಡುವೆ ಮನುಷ್ಯ ಎಲ್ಲಿ ಊಟ ಮಾಡಬೇಕು ಅಂತ ಇಬ್ಬರೂ ಹೇಳಲಿಲ್ಲ.

ಬರುವಾಗ ಗಾಡಿಯಲ್ಲಿ ನಾನು ಕಿಟಕಿಗೆ ಮುಖ ಮಾಡಿ ಕೂತಿದ್ದೆ. ಮೊಗುಲಯ್ಯ ಸೀಟಿನ ಹಲಗೆ ಬಡಿದು ದನಿ ಕೇಳುತ್ತ ಕೂತಿದ್ದ. ಸೇಡಂ ದಾಟಿದ ಮೇಲೆ ತಡೆಯಲಾರದೆ, “ನಿನಗ ಬಾಯಿ ಅದನೋ ಇಲ್ಲೋ?” ಅಂತ ಕೇಳಿದೆ.

“ಏನಂತ ಅನ್ನಲಿ ಅಕ್ಕಾ? ಇಲ್ಲಿ ಹೊರಗಿನಾಂವ ಅಂತಾರ. ಅಲ್ಲಿ ಬಿಟ್ಟು ಹೋದಾಂವ ಅಂತಾರ. ಎರಡೂ ಖರೇನೇ.”

“ದುಡದಿಲ್ಲೇನು ನೀ?”

“ದಸ್ತಗೀರ ದುಡದಾನ,” ಅಂದ. ಹಾಸ್ಯಕ್ಕೆ ಅಂದನೋ ಬೇಸರಕ್ಕೆ ಅಂದನೋ ಮುಖದಲ್ಲಿ ತಿಳಿಯಲಿಲ್ಲ.

ಓಣಿಯಲ್ಲಿ ನಳದ ಹತ್ತಿರ ರಶೀದಾಬೇಗಂ ನನ್ನನ್ನು ಹಿಡಿದು ನಿಲ್ಲಿಸಿದಳು. ಅವಳ ಗಂಡನೂ ಅದೇ ಖಣಿಯವ. ಅವನ ಅರ್ಜಿ ತಗೊಂಡಿದ್ದರು, ಆದರೆ ಕೈಗೆ ಏನೂ ಬಂದಿರಲಿಲ್ಲ.

“ಖಾಲಾ, ನೀವು ಯಾಕ ಅವರ ಸಲುವಾಗಿ ಅಡ್ಡಾಡ್ಲಿಕತ್ತೀರಿ? ನಮ್ಮವರಿಗೇ ಸಿಕ್ಕಿಲ್ಲ. ಕೊಡಾದು ಇಷ್ಟೇ ಇರ್ತದ. ಅದ್ರಾಗ ಹೊರಗಿನವ್ರಿಗಿ ಪಾಲು ಹಾಕಿದ್ರ ನಮ್ಮ ಅನ್ನದ ಪಾತೇಲಿಗಿ ಏನ್ ಬರ್ತದ?”

“ನಿನ್ನ ಮಗ ಚಾಂದ್ ಎಲ್ಲದಾನ ಈಗ?”

“ಭಿವಂಡ್ಯಾಗ. ಯಾಕ?”

“ಆ ಬ್ಯಾರೆ ರಾಜ್ಯದಾಗ ಕೆಲಸ ಹೋದ್ರ ಯಾರ ಪಾತೇಲ್ಯಾಗಿಂದ ತಿನ್ನಬೇಕು?”

“ಅಂವ ಬ್ಯಾರೆ!” ಅಂದಳು. ಕೊಡ ತುಂಬಿ ಹರಿಯುತ್ತಿತ್ತು, ಅವಳಿಗೆ ಲಕ್ಷ್ಯ ಇಲ್ಲ. “ಅಂವ ಭಾಳ ಶಾಣ್ಯಾ ಅದಾನ. ಮ್ಯಾಲ ಹೊರಗಿನವ್ರಿಗಿ ಏನೂ ಕೊಡಬ್ಯಾಡ್ರಿ ಅಂತ ಅಂದೀನೇನು ನಾ? ನಮಗ ಮೊದ್ಲು ಕೊಡ್ರಿ ಅಂತೀನಿ. ಹಸದಾವ್ರು ನಾವೂ ಅದೀವಿ ಖಾಲಾ.”

ಅವಳ ಮನೆಯಲ್ಲಿ ಒಲೆ ಒಂದೇ ಹೊತ್ತು ಹತ್ತುತ್ತಿತ್ತು, ನಾನೇ ಕಂಡಿದ್ದೆ. ಆದರೂ ಒಂದು ಮಾತು ನನಗೆ ಬಿಡಿಸಲು ಬರುವುದಿಲ್ಲ. ಇಷ್ಟು ವರ್ಷ ಖಣಿಗೆ ಇಳಿಯುವಾಗ ಯಾವ ಊರಾವ ಅಂತ ಮೊಗುಲಯ್ಯನನ್ನು ಒಬ್ಬರೂ ಕೇಳಿ ತಡೆಯಲಿಲ್ಲ. ಶಹಾಬಾದದಿಂದ ಹೋದ ಕಲ್ಲಿನ ಮೇಲೆ ತೆಲುಗಿನವ ಎಬ್ಬಿಸಿದ್ದು ಅಂತ ಬರೆದು ಕಡಿಮೆ ಬೆಲೆಗೆ ಮಾರಲಿಲ್ಲ. ಕೈ ಖಾಲಿಯಾದ ಮೇಲೆ ಊರು ಕೇಳುತ್ತಾರೆ. ದುಡಿದ ಜಾಗದಲ್ಲೇ ಮನುಷ್ಯನ ಹಕ್ಕು ಇರಬೇಕು, ಇಷ್ಟೇ ನನ್ನ ತಿಳುವಳಿಕೆ. ಇದನ್ನು ನಳದ ಹತ್ತಿರ ಹೇಳಿದರೆ ನೀರು ಹಿಡಿಯುವವರಿಗೆ ತೊಂದರೆ ಅಂತ ಮನೆಗೆ ಬಂದೆ.

ಆನ್‌ಲೈನ್ ಅಂಗಡಿ ಇಟ್ಟ ಶಾಹನವಾಜ ಒಂದು ಉಪಾಯ ಹೇಳಿದ. ಅವನು ನನ್ನ ಮೈದುನನ ಮಗ, ಎಲ್ಲರ ಅರ್ಜಿ ಅವನೇ ಕಂಪ್ಯೂಟರಿನಲ್ಲಿ ಹಾಕುತ್ತಾನೆ.

“ಚಾಚಿ, ಸುಮ್ಮ ತಲಿ ಕೆಡಿಸ್ಕೋಬ್ಯಾಡ್ರಿ. ಹಾಜರಿ ಪ್ರಕಾರ ಚಾಚಾ ಹೋದ ವರ್ಷದ ತನಕ ದುಡದಾರ. ಈಗ ತೀರ್ಯಾರ ಅಂತ ಹಾಕ್ತೀನಿ. ಹೆಂಡತಿ ಅಂತ ನಿಮಗ ಬರ್ತದ. ನೀವು ಒಳಗಿಂದೊಳಗ ಮೊಗುಲಯ್ಯಗ ಕೊಡ್ರಿ. ಅಂವ ಬಾಯಿ ಮುಚ್ಚಕೊಂಡು ಇರಬೇಕು, ಅಷ್ಟೇ. ಬದಲಿ ಅಂತ ಕಾಗದದ ಮ್ಯಾಲ ಬಂತಂದ್ರ ಪೀರಪ್ಪನ ಮ್ಯಾಲ, ಇವನ ಮ್ಯಾಲ ಕೇಸ್ ಆಗ್ತದ.”

“ಚಾಚಾ ಹೋದ ವರ್ಷ ತೀರಿಲ್ಲ,” ಅಂದೆ.

“ಯಾರು ನೋಡ್ತಾರ ಚಾಚಿ?”

“ನಾ ನೋಡೀನಿ.”

ಮೊಗುಲಯ್ಯ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಆಶ್ಚರ್ಯ ಅಂದರೆ ಅವನಿಗೂ ಆ ಉಪಾಯ ಹಿಡಿಸಿತ್ತು! “ಹಾಕ್ಸು ಅಕ್ಕಾ,” ಅಂದ. “ನಿನಗ ಬರ್ಲಿ. ನನಗ ಕೊಡಾದೂ ಬ್ಯಾಡ. ಯಾದಮ್ಮನ್ನ ನೋಡ್ಕೋ, ನಾ ಲಾರಿಗಿ ಹೋಗ್ತೀನಿ.”

ಆ ದಿನ ನಾನು ಅವನಿಗೆ ಅಂದದ್ದನ್ನು ಪೂರಾ ಬರೆಯಲು ನಾಚಿಕೆ. “ಅವರನ್ನ ಇನ್ನೊಮ್ಮೆ ಸಾಯಸಂತೀಯೇನು ನನಗ? ಒಮ್ಮೆ ಸಾಲಲಿಲ್ಲೇನು? ಮತ್ತ ನೀ ಇಷ್ಟು ವರ್ಷ ಏನಿದ್ದೀ, ದೆವ್ವ ಇದ್ದೀ? ದೆವ್ವ ಜೋಳ ತಂದು ಹಾಕ್ತೇನು ನನಗ?” ಅಂತ ಕೂಗಾಡಿದೆ. ಶಾಹನವಾಜ ಅಂಗಡಿಯ ಪಂಖಾ ಜೋರು ಮಾಡಿದ. ಮೊಗುಲಯ್ಯ ತಲೆ ಬಗ್ಗಿಸಿ ನಿಂತ. ಅರ್ಜಿಯನ್ನು ಮೊಗುಲಯ್ಯನ ಹೆಸರಿಗೇ ಹಾಕಿಸಿದೆ. ದುಡಿದದ್ದು ಎಲ್ಲಿ ಅಂತ ಕೇಳಿದ ಜಾಗದಲ್ಲಿ ಖಣಿಯ ಹೆಸರು ಬರೆಸಿದೆ.

ಮೊಹರಂ ಮುಗಿದು ಲಾರಿಗೆ ಮೂರು ದಿನ ಇರುವಾಗ ಮೇಲಿನಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಹರಿಪ್ರಿಯಾ ಅಂತ ಹೆಸರು, ನನಗೆ ಮೊಮ್ಮಗಳಾಗುವ ವಯಸ್ಸು, ಕಾಲಿಗೆ ಬೂಟು. ಬೇರೆ ಕಡೆ ಖಣಿ ಮುಖವೇ ನೋಡದವರು ಅರ್ಜಿ ಹಾಕಿದ್ದರಂತೆ. ಅದಕ್ಕೆ ಎಲ್ಲರನ್ನೂ ಖಣಿಯ ಬಾಯಿಗೇ ಕರೆಸಿದರು. ಹೆಂಗಸರೂ ಹೋದೆವು. ನೀರಿನಲ್ಲಿ ಎಮ್ಮೆಗಳು ಕೂತಿದ್ದವು.

ಹೋಗುವ ದಾರಿಯಲ್ಲಿ ಯಾದಮ್ಮ ಗಂಡನಿಗೆ ಮೂರು ಸಲ ಹೇಳಿದಳು, ದಸ್ತಗೀರ ಅಂದಾಗ ಸುಮ್ಮನಿರು, ಪೀರಪ್ಪನಿಗೆ ಕೇಸ್ ಆಗುತ್ತದೆ. ಪೀರಪ್ಪನೂ ಬಂದು ಕೈ ಹಿಡಿದು ಹೇಳಿದ. ಮೊಗುಲಯ್ಯ ತಲೆ ಆಡಿಸಿದ. ನಾನೂ ಅದಕ್ಕೆ ಒಪ್ಪಿದೆ. ಪೀರಪ್ಪನಿಗೂ ವಯಸ್ಸಾಗಿದೆ, ಅವನ ಕೇಸು ನನ್ನ ತಲೆಗೆ ಬರುವುದು ನನಗೂ ಬೇಕಾಗಿರಲಿಲ್ಲ.

“ಮೊದ್ಲು ಹೆಂಗ ಕೂಗ್ತಿದ್ರಿ, ಹಂಗೇ ಕೂಗ್ರಿ,” ಅಂದರು ಹರಿಪ್ರಿಯಾ ಮೇಡಂ.

ಪೀರಪ್ಪ ತನ್ನ ಹಳೆಯ ಕಲ್ಲಿನ ಮೇಲೆ ಹತ್ತಿ ನಿಂತ. ಗಂಟಲು ಸರಿ ಮಾಡಿಕೊಂಡು ಕೂಗತೊಡಗಿದ. ಒಬ್ಬೊಬ್ಬರೇ ಹಾಂ, ಹಾಂ ಅಂದರು. ಖಣಿ ನಿಂತು ವರ್ಷ ಆಗಿದ್ದರೂ ಎಲ್ಲರೂ ತಮ್ಮತಮ್ಮ ಹಳೆಯ ಜಾಗದಲ್ಲೇ ನಿಂತಿದ್ದರು, ಯಾರೂ ಹೇಳಿರಲಿಲ್ಲ. ಪೀರಪ್ಪನಿಗೂ ಕೂಗುವ ಹುರುಪು ಬಂದುಬಿಟ್ಟಿತು. ಬಾಯಿಪಾಠ, ಎಲ್ಲಿ ತಡೆಯಬೇಕೋ ಅಲ್ಲಿ ತಡೆಯಲಿಲ್ಲ.

“ಗುಲಾಮ ದಸ್ತಗೀರ!”

“ಹಾಂ!”

ಖಣಿಯ ಆ ಕಡೆಯ ಗೋಡೆಗೆ ಬಡಿದು ಹಾಂ ವಾಪಸು ಬಂತು. ಯಾರೋ ಕಿಸಕ್ಕನೆ ನಕ್ಕರು. ಯಾದಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ಮೊಗುಲಯ್ಯನ ಬಾಯಿ ಇನ್ನೂ ತೆರೆದೇ ಇತ್ತು, ಹಾಂ ಅಂದವ ಬೇರೆ ಯಾರೋ ಅನ್ನುವಂಗೆ ಪಕ್ಕಕ್ಕೆ ನೋಡಿದ.

ಮೇಡಂ ಅವನ ಹತ್ತಿರ ಬಂದರು. “ನೀವು ಗುಲಾಮ ದಸ್ತಗೀರ?”

ಅವನು ನೆಲ ನೋಡಿದ. ಇನ್ನು ಇವನಿಂದ ಆಗುವುದಿಲ್ಲ ಅಂತ ನಾನೇ ಮುಂದೆ ಹೋದೆ. ದಸ್ತಗೀರ ನನ್ನ ಗಂಡ, ತೀರಿದ್ದು ಇಂಥ ವರ್ಷ, ಇವನು ಬದಲಿ ನಿಂತದ್ದು ಹೀಗೆ, ಹೆಸರು ಬದಲಿಸದೆ ಬಿಟ್ಟದ್ದು ಹೀಗೆ ಅಂತ ಮೊದಲಿನಿಂದ ಹೇಳಿದೆ. ನಡುವೆ ಬಾಯಿ ಹಾಕಲು ಬಂದ ಪೀರಪ್ಪನಿಗೆ ಸುಮ್ಮನಿರು ಅಂದೆ.

“ಇನ್ನೊಬ್ಬರ ಹೆಸರಿಗಿ ನಿಲ್ಲಾದು ತಪ್ಪಂತ ಗೊತ್ತದೇನ್ರಿ ನಿಮಗ?” ಅಂತ ಮೇಡಂ ಕೇಳಿದರು.

“ನಮಗ ಗೊತ್ತಿರ್ಲಿಲ್ರಿ. ಅಂವ ನಿಲ್ಲದಿದ್ರ ನಾವು ಉಪಾಸ ಇರ್ತಿದ್ವಿ, ಅದು ಗೊತ್ತಿತ್ತು. ನಮ್ಮವರಿಗಿ ಕೆಲಸ ಇಲ್ಲದಾಗ ಸರಕಾರ ಬರಲಿಲ್ಲ, ಇಂವ ಬಂದ. ಆಗ ಇಂವ ಹೊರಗಿನಾವ ಇದ್ದಿಲ್ಲರಿ, ಈಗ ಹೆಂಗಾದ?”

ಮೇಡಂ ಸುತ್ತ ನಿಂತವರ ಕಡೆ ತಿರುಗಿದರು. “ಖರೇ ಏನ್ರಿ ಇದು?”

ಕೇಸು ಅಂದರೆ ಎಲ್ಲರಿಗೂ ಭಯ. ಒಂದಲ್ಲ ಒಂದು ಸಲ ಎಲ್ಲರೂ ಯಾರದೋ ಬದಲಿ ನಿಂತವರೇ. ಕೊನೆಗೆ ಮಾತಾಡಿದವಳು ಹಿಂದೆ ನಿಂತಿದ್ದ ರಶೀದಾಬೇಗಂ, ಅದೂ ಸಿಡುಕಿನಿಂದಲೇ.

“ಹೊರಗಿನಾವ ಅಂಬಾದು ಖರೇರಿ. ನಮಗ ಮೊದ್ಲು ಕೊಡ್ರಿ ಅಂತ ಈಗೂ ಹೇಳ್ತೀನಿ. ಆದ್ರ ಕಲ್ಲು ಇಂವನೇ ಎಬ್ಬಿಸ್ಯಾನ. ಸುಳ್ಳ್ಯಾಕ ಹೇಳ್ಲಿ? ನಮ್ಮ ಮನಿಯವರಿಗಿ ಕಾಮಾಲಿ ಆದಾಗ ಇಂವನೇ ಸಬ್ಬಲ ಹೊತ್ತು ತಂದು ಮನಿಗಿ ಇಟ್ಟು ಹೋಗ್ಯಾನ.”

ಆಮೇಲೆ ಎಲ್ಲರ ಬಾಯಿ ಬಿಚ್ಚಿತು. ಎಷ್ಟು ಬಿಚ್ಚಿತು ಅಂದರೆ ಮೇಡಂ ಕಿವಿ ಮುಚ್ಚಿಕೊಂಡರು. ಕೂತು ಬರೆದುಕೊಂಡರು. ನನ್ನ ಕೈಲೂ ಸಹಿ ಮಾಡಿಸಿದರು. ಅಮೀರ್ಬೀ ಅಂತ ನಿಧಾನಕ್ಕೆ ಬರೆದೆ. ಮೇಡಂ ಕೇಸಿನ ಮಾತು ಎತ್ತಲಿಲ್ಲ, ಕೊಡುತ್ತೇನೆ ಅಂತಲೂ ಅನ್ನಲಿಲ್ಲ. “ಮ್ಯಾಲ ಕಳಸ್ತೀನಿ. ನಿರ್ಣಯ ನನ್ನ ಕೈಯಾಗ ಇಲ್ಲ,” ಅಂದು ಜೀಪು ಹತ್ತಿದರು. ಮೇಲೆ ಅಂದರೆ ಎಲ್ಲಿ, ಎಷ್ಟು ಮೇಲೆ ಅಂತ ಕೇಳುವಷ್ಟರಲ್ಲಿ ಧೂಳು ಎದ್ದಿತ್ತು.

ಲಾರಿ ಮಾತ್ರ ಹೇಳಿದ ದಿನಕ್ಕೇ ಬಂತು. ಈ ದೇಶದಲ್ಲಿ ಏಜೆಂಟನ ಲಾರಿ ಒಂದೇ ತಡವಾಗುವುದಿಲ್ಲ. ನಮ್ಮ ಓಣಿಯ ಬಾಯಲ್ಲಿ ಬೇವಿನ ಗಿಡದ ಕೆಳಗೆ ನಿಂತಿತು. ಮೊಗುಲಯ್ಯ ಹೊದಿಕೆಯ ಗಂಟು ಕಟ್ಟಿಕೊಂಡು ಹೋಗಿ ಗಿಡಕ್ಕೆ ಬೆನ್ನು ಹಚ್ಚಿ ನಿಂತ. ಯಾದಮ್ಮ ಕೋಲಿಯಿಂದ ಹೊರಗೆ ಬರಲಿಲ್ಲ. ನಾನು ನಮ್ಮ ಬಾಗಿಲ ಫರ್ಸಿಯ ಮೇಲೆ ಕೂತಿದ್ದೆ, ಅಲ್ಲಿಂದ ಎಲ್ಲ ಕಾಣುತ್ತದೆ, ಎಲ್ಲ ಕೇಳುತ್ತದೆ. ಅವನನ್ನು ತಡೆಯುವ ಹಕ್ಕು ನನಗಿರಲಿಲ್ಲ. ಸಹಾಯ ಬರುತ್ತದೆ ಅಂತ ಯಾವ ಬಾಯಿಂದ ಹೇಳಲಿ?

ಏಜೆಂಟ ಲಾರಿಯ ಹಿಂದಿನ ಹಲಗೆ ಇಳಿಸಿ ಹೆಸರು ಕೂಗಿದ. ಕೂಗಿದವರು ಒಬ್ಬೊಬ್ಬರೇ ಹತ್ತಿದರು.

“ಮೊಗುಲಯ್ಯ!”

ಯಾರೂ ಮಾತಾಡಲಿಲ್ಲ.

“ಮೊಗುಲಯ್ಯ ಯಾರ್ರಪಾ? ಬಂದಾನೋ ಇಲ್ಲೋ?”

ಮೊಗುಲಯ್ಯ ಗಿಡದ ಬೊಡ್ಡೆಯನ್ನು ಬೆರಳಿನಿಂದ ಬಡಿಯುತ್ತ ನಿಂತಿದ್ದ. ಏಜೆಂಟ ಇನ್ನೊಮ್ಮೆ ಕೂಗಿ, ಏನೋ ಬೈದು, ಮುಂದಿನ ಹೆಸರಿಗೆ ಹೋದ. ಹಲಗೆ ಏರಿಸಿದರು. ಲಾರಿ ಪುಣೆಯ ರಸ್ತೆ ಹಿಡಿಯಿತು.

ಅವನು ಗಂಟು ಹೊತ್ತು ನನ್ನ ಮುಂದೆ ಹಾದುಹೋದ. “ಕರೀಲೇ ಇಲ್ಲ ಅಕ್ಕಾ,” ಅಂದ.

ಕರೆದದ್ದು ನನ್ನ ಕಿವಿಯಾರೆ ಕೇಳಿದ್ದೆ. ಕೆಲಸದ ಜಾಗದಲ್ಲಿ ಅವನ ಸ್ವಂತ ಹೆಸರು ಕೂಗಿದರೆ ಅವನಿಗೆ ರೂಢಿ ಇಲ್ಲ, ಖರೆ. ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದನೋ, ಇವತ್ತಿನ ತನಕ ಹೇಳಿಲ್ಲ. ಕೋಲಿಯಲ್ಲಿ ಪಾತ್ರೆ ತಿಕ್ಕುವ ಸಪ್ಪಳ ನಿಂತಿತು.

ಮೊನ್ನೆ ನಿರ್ಣಯ ಬಂತು. ಶಾಹನವಾಜ ಓದಿ ಹೇಳಿದ. ಮಂಜೂರು. ಆದರೆ ಕೆಲವು ತಿಂಗಳಿಗೊಮ್ಮೆ ಹೋಗಿ ಇನ್ನೂ ಕೆಲಸ ಸಿಕ್ಕಿಲ್ಲ ಅಂತ ತೋರಿಸಬೇಕು, ಆಗ ಮತ್ತೆ ಯಾವ ಊರಾವ ಅಂತ ಕೇಳುತ್ತಾರೆ, ಮತ್ತೆ ನಾನು ಬುರ್ಖಾ ಹಾಕಿಕೊಳ್ಳಬೇಕು. ಹೆಸರಿನ ಜಾಗದಲ್ಲಿ ‘ಮೊಗುಲಯ್ಯ ಉರ್ಫ್ ಗುಲಾಮ ದಸ್ತಗೀರ’ ಅಂತ ಬರೆದಿದ್ದಾರೆ. ಯಾದಮ್ಮ ಬಿದ್ದು ಬಿದ್ದು ನಕ್ಕಳು. “ಅಕ್ಕಾ, ಇಬ್ಬರದೂ ಒಬ್ಬನೇ ಗಂಡ ಆದ ನೋಡು!” ಅಂದಳು. ಈ ವಯಸ್ಸಿನಲ್ಲಿ ನನಗೆ ಇಂಥ ಮಾತು. ಆ ಉರ್ಫ್ ತೆಗೆಸುತ್ತೇನೆ ಅಂದೆ. ತೆಗೆಸಿದರೆ ಮೊದಲಿನಿಂದ ಅರ್ಜಿ ಹಾಕಬೇಕು ಅಂದ ಶಾಹನವಾಜ. ಹಂಗೇ ಬಿಟ್ಟೆ.

ನಿನ್ನೆ ಮೊದಲ ಸಲ ಕಾಳು ಕೊಟ್ಟರು. ಸಂಜೆ ನಾನು ಬೀಡಿ ಕಟ್ಟುತ್ತ ಕೂತಾಗ ಗೋಡೆ ಬಡಿದ ಸಪ್ಪಳ ಆಯಿತು. ಹೊರಗೆ ಬಂದು ನೋಡಿದರೆ ಬಾಗಿಲ ಹತ್ತಿರ ಒಂದು ಗಂಟು. ಈ ಸಲ ಮೊಗುಲಯ್ಯ ಓಡಿಹೋಗಿರಲಿಲ್ಲ, ಅಲ್ಲೇ ನಿಂತಿದ್ದ.

“ಏನಿದು?”

“ಅರ್ಧ.”

“ಯಾತರ ಅರ್ಧ?”

“ದಸ್ತಗೀರಣ್ಣನ ಹೆಸರೂ ಅದ ಅಲ್ಲ ಅಕ್ಕಾ. ಅರ್ಧ ಈ ಮನಿಗಿ ಬರಬೇಕು.”

ನಾನು ಬೈದೆ. ನಿನ್ನ ತಲೆಯೊಳಗೆ ಬಿರುಕು ಅದ, ನಿನ್ನ ತಲೆ ಬಡಿದು ದನಿ ಕೇಳು ಅಂದೆ. ಇಷ್ಟು ಓಡಾಡಿ ತಂದದ್ದು ನಿನ್ನ ಒಲೆಗೆ, ನನ್ನ ಒಲೆಗಲ್ಲ, ತಗೊಂಡು ಹೋಗು ಅಂದೆ. ಅವನು ಕೇಳುವಷ್ಟು ಕೇಳಿ, “ಪೋನೀ ಅಕ್ಕಾ” ಅಂತ ಹೇಳಿ ಹಿಂದಿನ ಕೋಲಿಗೆ ಹೋದ. ಗಂಟು ಬಾಗಿಲಲ್ಲೇ ಅದ. ನಾನು ಒಳಗೆ ತಂದಿಲ್ಲ, ಅವನು ವಾಪಸು ಒಯ್ದಿಲ್ಲ. ಇದನ್ನು ಬರೆಯುವಾಗ ರಶೀದಾಬೇಗಂನ ಕೋಳಿ ಬಂದು ಅದಕ್ಕೆ ಕುಕ್ಕುತ್ತಿದೆ. ಎದ್ದು ಓಡಿಸಬೇಕು.